ನಾನ್‌ವೋವನ್ ಬಟ್ಟೆಗೆ ಅಕ್ರಿಲಿಕ್ ಬೈಂಡರ್ ಹಾಕುವ ಬಗೆ

ನಾನ್‌ವೋವನ್ ಎಂದರೆ ನೇಯದೆ ನಾರುಗಳ ಹಾಳೆಯಿಂದ ಮಾಡುವ ಬಟ್ಟೆ; ಆ ನಾರುಗಳನ್ನು ಹಿಡಿದಿಡುವ ಅಂಟೇ ಬೈಂಡರ್. ಮೊದಲು ಲೆಕ್ಕ. ಚದರ ಮೀಟರಿಗೆ 40 ಗ್ರಾಂ ತೂಗುವ ನಾರಿನ ಹಾಳೆಗೆ 10 ಗ್ರಾಂ ಒಣ ಬೈಂಡರ್ ಬೇಕೆಂದುಕೊಳ್ಳಿ. ಶೇ 50 ಘನಾಂಶದ, ಅಂದರೆ ಅರ್ಧದಷ್ಟು ಬೈಂಡರ್ ಕಣಗಳು ನೀರಿನಲ್ಲಿ ಹರಡಿರುವ, 30 ಕೆಜಿ ಲೇಟೆಕ್ಸ್‌ಗೆ 70 ಕೆಜಿ ನೀರು ಬೆರೆಸಿದರೆ ಶೇ 15ರ ದ್ರಾವಣ ಸಿಗುತ್ತದೆ. ಹಾಳೆ ಅದರಲ್ಲಿ ಸುಮಾರು 67 ಗ್ರಾಂ ಹೀರಬೇಕು. ಹಿಂಡುವ ರೋಲರ್‌ಗಳ ಒತ್ತಡವನ್ನು ಅದಕ್ಕೆ ಹೊಂದಿಸಿ. ಕಲಕುವಾಗ ಅವಸರ ಬೇಡ. ನೊರೆ ಎದ್ದರೆ ಬಟ್ಟೆಯಲ್ಲಿ ಬೈಂಡರ್ ಹತ್ತದ ಚುಕ್ಕೆಗಳು ಉಳಿಯುತ್ತವೆ.

ಬಟ್ಟೆ ಮೆತ್ತಗಿರಬೇಕಾದರೆ ಗ್ಲಾಸ್ ಟ್ರಾನ್ಸಿಷನ್ ತಾಪಮಾನ (ಬೈಂಡರ್ ಗಾಜಿನಂಥ ಬಿರುಸು ಬಿಟ್ಟು ಮೆತ್ತಗಾಗುವ ತಾಪಮಾನ) ಸೊನ್ನೆಗಿಂತ ಸಾಕಷ್ಟು ಕೆಳಗಿರುವ ಬೈಂಡರ್ ದರ್ಜೆಯನ್ನೇ ಆರಿಸಿ. ಫಿಲ್ಟರಿನಂಥ ಬಿರುಸು ಬಟ್ಟೆಗೆ ಅದು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಲಿ.

ಹೆಚ್ಚಿನವರು ಎಡವುವುದು ಒಣಗಿಸುವಾಗ. ಶುರುವಿನಲ್ಲೇ ಶಾಖ ಜೋರಾದರೆ ನೀರು ಮೇಲ್ಮೈಗೆ ಧಾವಿಸುತ್ತಾ ಬೈಂಡರ್ ಕಣಗಳನ್ನೂ ಎಳೆದೊಯ್ಯುತ್ತದೆ. ಮೇಲ್ಪದರ ಹಪ್ಪಳದಂತೆ ಗಟ್ಟಿ, ನಡುವೆ ಬರೀ ಸಡಿಲ ನಾರು. ಅನುಮಾನವಿದ್ದರೆ ಎರಡೂ ಬದಿಗೆ ಅಂಟುಪಟ್ಟಿ ಒತ್ತಿ ಎಳೆಯಿರಿ. ಬಟ್ಟೆ ನಡುವಿನಲ್ಲೇ ಎರಡಾಗಿ ಸೀಳಿದರೆ ಕಾರಣ ಇದೇ. ಒಣಗಿಸುವ ಯಂತ್ರದ ಮೊದಲ ವಲಯದ ಶಾಖ ಇಳಿಸಿ, ಇಲ್ಲವೇ ನೀರು ಕಡಿಮೆ ಮಾಡಿ ದ್ರಾವಣವನ್ನು ತುಸು ಗಟ್ಟಿಯಾಗಿಸಿ.

ಪೂರ್ತಿ ಒಣಗಿದ ಮೇಲಷ್ಟೇ ಕ್ಯೂರಿಂಗ್, ಅಂದರೆ ಶಾಖ ಕೊಟ್ಟು ಬೈಂಡರನ್ನು ಬಲಪಡಿಸುವುದು: ತಾನಾಗಿಯೇ ಕ್ರಾಸ್‌ಲಿಂಕ್ ಆಗುವ (ಅಣುಸರಪಳಿಗಳು ಒಂದಕ್ಕೊಂದು ಬೆಸೆದುಕೊಳ್ಳುವ) ದರ್ಜೆಗಳಿಗೆ ಸಾಮಾನ್ಯವಾಗಿ 140–150 ಡಿಗ್ರಿಯಲ್ಲಿ 2–3 ನಿಮಿಷ. ಒಣಗಿದಾಗ ಗಟ್ಟಿಯಾಗಿದ್ದು, ನೆನೆಸಿದ ಕೂಡಲೇ ಹರಿದರೆ ಕ್ಯೂರಿಂಗ್ ಸಾಲದು. ಈ ಬೆಸುಗೆಗೆ ನೆರವಾಗುವ ಎನ್-ಮಿಥೈಲಾಲ್ ಅಕ್ರಿಲಮೈಡ್ ಎಂಬ ರಾಸಾಯನಿಕ ಇರುವ ಬೈಂಡರ್ ಈ ಹಂತದಲ್ಲಿ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬಿಡುವುದರಿಂದ ಹೊಗೆ ಹೊರಹೋಗುವ ವ್ಯವಸ್ಥೆ ಕಡ್ಡಾಯ.