‘ನಾಳೆ ಬಾ’ ಅಂದಿದ್ದಕ್ಕೆ ಇಂಗ್ಲಿಷ್ ಹುಡುಕಿದ್ದು

ಗಂಗಾವತಿಯಲ್ಲಿ ಸಂಜೆ ಪಿಯುಸಿ ಹುಡುಗರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತೇನೆ. ಮರ್ಯಾದೆ ಇಲ್ಲದ ಮಾತಿಗೆಲ್ಲ ಅವರ ಹತ್ತಿರ ಇರುವುದು ಒಂದೇ ಪದ, ‘ರೂಡ್’. ನನ್ನ ಕಥೆಯೂ ಅದೇ ಆಗಿತ್ತು.

ಒಮ್ಮೆ ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ನನ್ನ ಅರ್ಜಿಯತ್ತ ಕಣ್ಣೂ ಹಾಯಿಸದೆ ‘ನಾಳೆ ಬಾ’ ಅಂದರು. ಸಿಟ್ಟಲ್ಲಿ ಮೇಲಿನವರಿಗೆ ಇಂಗ್ಲಿಷಲ್ಲಿ ದೂರು ಬರೆದೆ. ರೂಡ್ ಸಪ್ಪೆ ಅನ್ನಿಸಿ, ಡಿಕ್ಷನರಿ ತಿರುವಿ ‘ಇಂಪರ್ಟಿನೆಂಟ್’ ಅಂತ ಹಾಕಿದೆ. ಕಳಿಸುವ ಮೊದಲು ನಿವೃತ್ತ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಅವರು ನಕ್ಕುಬಿಟ್ಟರು. ‘ಯಾಕಪ್ಪ, ಆತ ನಿನ್ನ ಮನಿ ಆಳೇನು?’

ಆ ಪದ ಹೆಚ್ಚಾಗಿ ಕೆಳಗಿನವರು ಮೇಲಿನವರ ಎದುರು ಮಿತಿ ಮೀರಿದಾಗ ಬರುತ್ತದಂತೆ. ಅಂದರೆ ನಮ್ಮ ಅಧಿಕಪ್ರಸಂಗ. ಅದನ್ನು ಬರೆದು ನಾನೇ ಗುಮಾಸ್ತರ ಯಜಮಾನ ಆಗಿಬಿಟ್ಟಿದ್ದೆ!

ಅವತ್ತಿನಿಂದ ಅರ್ಥ ಬರೆದುಕೊಳ್ಳುವುದು ಬಿಟ್ಟೆ. ಯಾರು, ಯಾರಿಗೆ, ಹೇಗೆ ಅಂದರು ಅಂತ ಬರೆದುಕೊಳ್ಳತೊಡಗಿದೆ. ಮಿರ್ಚಿ ಬಂಡಿಯ ಹತ್ತಿರ ನಿಂತರೆ ಉದಾಹರಣೆಗಳಿಗೆ ಬರವಿಲ್ಲ. ‘ಇದು ಮಿರ್ಚಿನಾ, ಬರೇ ಹಿಟ್ಟಾ?’ ಅಂತ ಗಿರಾಕಿ ಮುಖಕ್ಕೆ ಹೊಡೆದಂತೆ ಕೇಳಿದರೆ ಬ್ಲಂಟ್. ಅದರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ‘ಕಾಕಾ, ಒಂದು ಫ್ರೀ ಕೊಟ್ಟರೆ ನಿನ್ನ ಗಂಟೇನು ಹೋಗುತ್ತದೆ?’ ಅಂತ ಹುಡುಗ ಹಲ್ಲು ಕಿರಿದರೆ ಚೀಕಿ, ಕೇಳಿದವರಿಗೂ ನಗು ಬರುತ್ತದೆ. ಅದೇ ಹುಡುಗ ದಿಟ್ಟಿಸಿ ನೋಡಿ ‘ದುಡ್ಡು ಕೊಡಲ್ಲ ಅಂದ್ರೆ ಏನೀಗ?’ ಅಂದರೆ ಇನ್ಸೊಲೆಂಟ್. ನಮ್ಮ ಸೊಕ್ಕು ಅದಕ್ಕೆ ಸರಿಯಾಗಿ ಕೂರುತ್ತದೆ. ರೂಡ್‌ನ ಮೂಲ ಲ್ಯಾಟಿನ್ ಪದಕ್ಕೆ ಹದ ಮಾಡದ, ಒರಟಾದ ಅನ್ನುವ ಅರ್ಥವಿತ್ತು. ಒರಟು ಮಾತು ಅಂತ ನಾವೂ ಅನ್ನುತ್ತೇವಲ್ವಾ?

ದೂರಿಗೆ ಕೊನೆಗೆ ‘ಕರ್ಟ್’ ಅಂತ ಹಾಕಿದೆ. ಮೊಟಕು ಮಾತು, ಮುಖ ಕೊಡದ ಮಾತು. ಎರಡೇ ಪದ ಆಡಿದವರಿಗೆ ಅದು ಸಾಕು ಅನ್ನಿಸಿತು. ಆದರೂ ಸಮಾಧಾನ ಆಗಲಿಲ್ಲ. ನನಗೆ ಚುಚ್ಚಿದ್ದು ‘ನಾಳೆ’ ಅಲ್ಲ, ‘ಬಾ’. ನಮ್ಮ ಕಡೆ ದೋಸ್ತ ‘ಬಾರಲೇ’ ಅಂದರೆ ಪ್ರೀತಿ. ಕೌಂಟರಿನ ಆಚೆಯಿಂದ, ಗುರುತಿಲ್ಲದ ನಲವತ್ತು ದಾಟಿದವನಿಗೆ ‘ಬಾ’ ಅಂದರೆ ಬೇರೆ. ಇಂಗ್ಲಿಷಲ್ಲಿ ಬಾ ಅಂದರೂ ‘ಕಮ್’, ಬನ್ನಿ ಅಂದರೂ ‘ಕಮ್’. ಸುಮ್ನೆ ಅದನ್ನು ‘ಕಮ್ ಟುಮಾರೊ’ ಅಂತ ಬರೆದರೆ ಓದಿದವರು ಇದರಲ್ಲಿ ತಪ್ಪೇನಿದೆ ಅಂತಾರೆ. ಅದಕ್ಕೇ ದೂರಿನಲ್ಲಿ ಒಂದು ಸಾಲು ಜಾಸ್ತಿ ಸೇರಿಸಿದೆ: ಅವರು ನನ್ನನ್ನು ಏಕವಚನದಲ್ಲಿ ಮಾತಾಡಿಸಿದರು.