ರಕ್ತ ತೆಳು ಮಾಡೋ ಮಾತ್ರೆ ನಡೀತಿರೋ ಮನೆಯವ್ರು ಮಳೆ ಹಿಡಿಯೋ ಮುಂಚೆ ಇದನ್ನ ಓದಿ

ತೀರ್ಥಹಳ್ಳಿ ಕಡೆ ಮೆಡಿಕಲ್ ಶಾಪಲ್ಲಿ ಕೂತು ಮಾತ್ರೆ ಕೊಡೋ ಕೆಲಸ ನಂದು. ಬೇರೆ ಚೀಟಿ ಬಂದ್ರೆ ಮಾತ್ರೆ ಕೊಟ್ಟು ಕಳಿಸ್ತೀನಿ, ಆದ್ರೆ ಅಸಿಟ್ರೋಮ್, ವಾರ್ಫರಿನ್ ಅಂತ ಬರೆದಿರೋ ಚೀಟಿ ಕೈಗೆ ಬಂದ್ರೆ ನಾಲ್ಕು ಪ್ರಶ್ನೆ ಕೇಳ್ದೆ ಬಿಡಲ್ಲ. ಯಾಕಂದ್ರೆ ಈ ಮಾತ್ರೆ ಕಮ್ಮಿ ಆದ್ರೆ ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗಬಹುದು, ಜಾಸ್ತಿ ಆದ್ರೆ ಒಳಗೇ ರಕ್ತ ಸೋರಬಹುದು, ಎರಡಕ್ಕೂ ನಡುವೆ ಇರೋ ಜಾಗ ತುಂಬಾ ಸಣ್ಣದು. ಆ ಜಾಗದಲ್ಲಿ ಉಳಿಯೋಕೆ ದೊಡ್ಡ ವಿದ್ಯೆ ಏನೂ ಬೇಡ, ಲೆಕ್ಕ ಇಡೋ ಅಭ್ಯಾಸ ಬೇಕು ಅಷ್ಟೇ.

ಮೊದ್ಲು ಕೆಲಸ ಹೇಗೆ ಮಾಡುತ್ತೆ ಅಂತ ತಿಳ್ಕೊಳ್ಳಿ. ರಕ್ತ ಹೆಪ್ಪುಗಟ್ಟೋಕೆ ಬೇಕಾದ ಕೆಲವು ಪ್ರೋಟೀನ್‌ಗಳನ್ನ ಲಿವರ್ ತಯಾರು ಮಾಡುತ್ತೆ, ಅದಕ್ಕೆ ವಿಟಮಿನ್ ಕೆ ಬೇಕು, ಈ ಮಾತ್ರೆ ಆ ವಿಟಮಿನ್ ಕೆ ಕೆಲಸಕ್ಕೆ ಅಡ್ಡ ಹಾಕುತ್ತೆ. ರಕ್ತ ನೀರಾಗಲ್ಲ, ಹೆಪ್ಪುಗಟ್ಟೋದು ನಿಧಾನ ಆಗುತ್ತೆ. ಇವತ್ತು ಡೋಸ್ ಬದಲಾಯಿಸಿದ್ರೆ ಅದರ ಪರಿಣಾಮ ಕಾಣೋಕೇ ಎರಡು ಮೂರು ದಿನ ಬೇಕು, ಪೂರ್ತಿ ಕಾಣೋಕೆ ಇನ್ನೂ ಕೆಲವು ದಿನ, ಯಾಕಂದ್ರೆ ಮೊದಲೇ ರಕ್ತದಲ್ಲಿರೋ ಪ್ರೋಟೀನ್ ಖರ್ಚಾಗಬೇಕಲ್ಲ. ಹೆಪ್ಪುಗಟ್ಟೋದು ಎಷ್ಟು ನಿಧಾನ ಆಗಿದೆ ಅಂತ ಅಳೆಯೋ ಟೆಸ್ಟೇ ಐಎನ್‌ಆರ್. ಮಾತ್ರೆ ತಗೊಳ್ಳದ ಆರೋಗ್ಯವಂತರಿಗೆ 1ರ ಹತ್ತಿರ ಇರುತ್ತೆ, ಕಾಲಿನ ರಕ್ತನಾಳದಲ್ಲಿ ಹೆಪ್ಪು ಆದವರಿಗೆ, ಎದೆಬಡಿತ ಏರುಪೇರು ಇರೋರಿಗೆ ಸಾಮಾನ್ಯವಾಗಿ 2ರಿಂದ 3ರ ಒಳಗೆ ಇಡ್ತಾರೆ, ಹೃದಯದ ಎಡಗಡೆ ಎರಡು ಕೋಣೆ ನಡುವಿನ ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಹಾಕಿದವರಿಗೆ ಹೆಚ್ಚಾಗಿ 2.5ರಿಂದ 3.5. ನಿಮ್ಮ ಮನೆಯವರದ್ದು ಎಷ್ಟಿರಬೇಕು ಅಂತ ಡಾಕ್ಟರ್ ಬಾಯಿಂದ ಕೇಳಿ, ಬರೆಸ್ಕೊಳ್ಳಿ.

ಇನ್ನು ಪುಸ್ತಕ. ಒಂದು ನೂರು ಪೇಜಿನ ನೋಟ್‌ಬುಕ್ ತಗೊಳ್ಳಿ, ಮೊದಲ ಪುಟದಲ್ಲಿ ಹೆಸರು, ಯಾಕೆ ಮಾತ್ರೆ, ಎಷ್ಟು ಐಎನ್‌ಆರ್ ಬೇಕು, ಯಾವ ವಾಲ್ವ್, ಡಾಕ್ಟರ್ ಫೋನ್ ನಂಬರ್. ಆಮೇಲಿನ ಪುಟಗಳಲ್ಲಿ ತಾರೀಖು, ಐಎನ್‌ಆರ್, ಅವತ್ತಿಂದ ಎಷ್ಟು ಡೋಸ್, ಮುಂದಿನ ಟೆಸ್ಟ್ ಯಾವಾಗ, ಕೊನೆಗೆ ಒಂದು ಕಾಲಂ ಬಿಡಿ, ಆ ವಾರ ಜ್ವರ ಬಂತಾ, ಭೇದಿ ಆಯ್ತಾ, ಹೊಸ ಮಾತ್ರೆ ಏನಾದ್ರೂ ತಗೊಂಡ್ರಾ ಅನ್ನೋದಕ್ಕೆ. ನನ್ನ ಪ್ರಕಾರ ಆ ಕೊನೇ ಕಾಲಮ್ಮೇ ಎಲ್ಲಕ್ಕಿಂತ ಮುಖ್ಯ. ರಿಪೋರ್ಟ್ 5 ಬಂದಾಗ ಡಾಕ್ಟರ್ "ಏನ್ ಬದಲಾಯ್ತು" ಅಂತ ಕೇಳ್ತಾರೆ, ಆವಾಗ "ಏನಿಲ್ಲ ಸಾರ್" ಅನ್ನೋರೇ ಜಾಸ್ತಿ, ಪುಸ್ತಕ ತೆಗೆದ್ರೆ ಹತ್ತು ದಿನದ ಹಿಂದೆ ಹೊಟ್ಟೆನೋವಿಗೆ ಮೆಟ್ರೋನಿಡಜೋಲ್ ತಗೊಂಡಿದ್ದು ಅಲ್ಲೇ ಕೂತಿರುತ್ತೆ.

ಮಾತ್ರೆ ಸಂಜೆ ಹೊತ್ತು ಒಂದೇ ಟೈಮಿಗೆ ಕೊಡಿ. ಸಂಜೆ ಯಾಕೆ ಅಂದ್ರೆ ಬೆಳಿಗ್ಗೆ ರಕ್ತ ಕೊಟ್ಟು ಮಧ್ಯಾಹ್ನ ರಿಪೋರ್ಟ್ ಬಂದ್ರೆ ಡಾಕ್ಟರಿಗೆ ಫೋನ್ ಮಾಡಿ ಅವತ್ತಿನ ಡೋಸನ್ನೇ ಸರಿ ಮಾಡ್ಬಹುದು. ಮರೆತು ಅದೇ ದಿನ ರಾತ್ರಿ ನೆನಪಾದ್ರೆ ಕೊಡಿ, ಮಾರನೇ ದಿನ ನೆನಪಾದ್ರೆ ಬಿಟ್ಟಿದ್ದು ಬಿಟ್ಟ ಹಾಗೇ, ಎರಡು ಸೇರಿಸಿ ಯಾವತ್ತೂ ಕೊಡ್ಬೇಡಿ, ಪುಸ್ತಕದಲ್ಲಿ ಬರೀರಿ. ಮತ್ತೆ ಅಂಗಡಿಯಿಂದ ತಂದ ಸ್ಟ್ರಿಪ್ ಮೇಲೆ ಎಷ್ಟು ಮಿಲಿಗ್ರಾಂ ಅಂತ ಓದದೆ ಡಬ್ಬಕ್ಕೆ ಹಾಕ್ಬೇಡಿ. 1, 2, 3, 4 ಮಿಲಿಗ್ರಾಂ ಎಲ್ಲಾ ಒಂದೇ ಹೆಸರಲ್ಲಿ ಬರ್ತವೆ, ಅರ್ಧ ಮಾತ್ರೆ ಅಂತ ಬರೆದಿದ್ರೆ ಯಾವ ಮಾತ್ರೆಯ ಅರ್ಧ ಅನ್ನೋದು ಗೊತ್ತಿರಬೇಕು. ಅಸಿಟ್ರೋಮ್ ಮತ್ತೆ ವಾರ್ಫರಿನ್ ಒಂದೇ ಜಾತಿ ಆದ್ರೂ ಒಂದರ ಬದಲು ಇನ್ನೊಂದು ಅಂತ ನಡೆಯಲ್ಲ, ಸ್ಟಾಕ್ ಇಲ್ಲ ಅಂದ್ರೆ ಬೇರೆ ಅಂಗಡಿ ಹುಡುಕಿ.

ಊಟದ ವಿಷಯಕ್ಕೆ ಬರೋಣ, ಎಲ್ಲರೂ ಕೇಳೋದು ಇದೇ. ಸೊಪ್ಪು ತಿನ್ನಲೇಬಾರದು ಅಂತ ಯಾರೋ ಹೇಳ್ತಾರೆ, ಪಾಪ ವಯಸ್ಸಾದೋರು ಬಸಳೆ, ಹರಿವೆ ಎಲ್ಲಾ ಬಿಟ್ಟು ಬರೀ ಅನ್ನ ಸಾರಲ್ಲಿ ಕೂತಿರ್ತಾರೆ. ಅಷ್ಟೆಲ್ಲ ಬೇಡ ಮಾರಾಯ್ರೆ. ಸೊಪ್ಪಲ್ಲಿ ವಿಟಮಿನ್ ಕೆ ಇದೆ ನಿಜ, ನುಗ್ಗೆ ಸೊಪ್ಪು, ಪಾಲಕ್ಕಲ್ಲಿ ಚೆನ್ನಾಗೇ ಇದೆ, ಆದ್ರೆ ತೊಂದರೆ ಬರೋದು ಏರುಪೇರಿಂದ. ವಾರಕ್ಕೆ ಎರಡು ದಿನ ಸೊಪ್ಪಿನ ಪಲ್ಯ ಅಂದ್ರೆ ವರ್ಷ ಪೂರ್ತಿ ಹಾಗೇ ಇರಲಿ, ಡೋಸ್ ಅದಕ್ಕೆ ತಕ್ಕ ಹಾಗೆ ಕೂರುತ್ತೆ. ಮಳೆಗಾಲದಲ್ಲಿ ಕೆಸುವಿನ ಎಲೆ ಬಂತು ಅಂತ ದಿನಾ ಪತ್ರೊಡೆ, ಆಮೇಲೆ ನವರಾತ್ರಿ ಅಂತ ಒಂಬತ್ತು ದಿನ ಒಪ್ಪತ್ತು, ಹಿಂಗಾದ್ರೆ ಐಎನ್‌ಆರ್ ಮೊದ್ಲು ಇಳಿಯುತ್ತೆ, ಆಮೇಲೆ ಏರುತ್ತೆ. ಊಟ ಸೇರದೆ ಇದ್ದಾಗ, ಭೇದಿ ಆದಾಗಲೂ ಏರುತ್ತೆ. ಕಷಾಯ, ನಾಟಿ ಔಷಧಿ ಶುರು ಮಾಡೋದಾದ್ರೆ ಮೊದ್ಲು ಡಾಕ್ಟರಿಗೆ ಹೇಳಿ, ಕದ್ದು ಮುಚ್ಚಿ ಕೊಡ್ಬೇಡಿ.

ಬೇರೆ ಮಾತ್ರೆಗಳದ್ದು ಸೊಪ್ಪಿಗಿಂತ ದೊಡ್ಡ ಕಥೆ. ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳ್ಕೊಂಡು ಬರ್ತಾರೆ, ಹೊಟ್ಟೆಯಲ್ಲಿ ರಕ್ತಸ್ರಾವ ಆಗೋಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ನೋವಿಗೆ ಪ್ಯಾರಸಿಟಮಾಲ್, ಅದೂ ದಿನಗಟ್ಟಲೆ ಬೇಕಾದ್ರೆ ಕೇಳಿ ತಗೊಳ್ಳಿ, ಐಎನ್‌ಆರ್ ಏರಬಹುದು. ಮೆಟ್ರೋನಿಡಜೋಲ್, ಫ್ಲುಕೊನಜೋಲ್, ಕೋಟ್ರಿಮಾಕ್ಸಜೋಲ್ ಇವು ಐಎನ್‌ಆರ್ ಜೋರಾಗಿ ಏರಿಸ್ತವೆ, ಟಿಬಿಗೆ ಕೊಡೋ ರಿಫಾಂಪಿಸಿನ್ ಕೆಳಗೆ ಎಳೆಯುತ್ತೆ. ಮತ್ತೆ ನಮ್ಮ ಕಡೆ ಜ್ವರ ಬಂದ ತಕ್ಷಣ ಸೊಂಟಕ್ಕೆ ಒಂದು ಇಂಜೆಕ್ಷನ್ ಚುಚ್ಚಿಸ್ಕೊಳ್ಳೋ ರೂಢಿ, ಈ ಮಾತ್ರೆ ತಗೊಳ್ಳೋರಿಗೆ ಮಾಂಸದೊಳಗೆ ರಕ್ತ ಕಟ್ಟಿ ಬಾತ್ಕೊಳ್ಳುತ್ತೆ, ಚುಚ್ಚೋ ಮುಂಚೆನೇ ಹೇಳಿ. ಹಲ್ಲು ಕೀಳಿಸೋಕೆ ಹೋಗೋವಾಗ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ಐಎನ್‌ಆರ್ ರಿಪೋರ್ಟ್ ಹಿಡ್ಕೊಂಡು ಹೋಗಿ, ಹೆಚ್ಚಿನ ಸಲ ನಿಲ್ಲಿಸದೆನೇ ಆಗುತ್ತೆ. ಹೆಣ್ಮಕ್ಕಳು ಯಾರಾದ್ರೂ ವಾರ್ಫರಿನ್ ಮೇಲಿದ್ರೆ ಬಸಿರಾಗೋ ಯೋಚನೆ ಇದ್ದಾಗಲೇ ಡಾಕ್ಟರ್ ಹತ್ರ ಮಾತಾಡಿ, ಮೊದಲ ಮೂರು ತಿಂಗಳಲ್ಲಿ ಮಗುವಿಗೆ ತೊಂದರೆ ಮಾಡೋ ಮಾತ್ರೆ ಇದು.

ಆಸ್ಪತ್ರೆಯಲ್ಲಿ ಹೆಪಾರಿನ್ ಇಂಜೆಕ್ಷನ್ ಕೊಟ್ಟು ಕಳಿಸಿದವರಿಗೆ ಒಂದು ಮಾತು, ಇದು ಕಮ್ಮಿ ಜನಕ್ಕೆ ಗೊತ್ತಿರೋ ವಿಷಯ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡೋ ಹೆಪಾರಿನ್ನೇ ಕೆಲವರಲ್ಲಿ ಹೆಪ್ಪುಗಟ್ಟಿಸುತ್ತೆ. 1973ರಲ್ಲಿ ಅಮೆರಿಕದ ವ್ಯಾಸ್ಕುಲರ್ ಸರ್ಜನ್ ಡೊನಾಲ್ಡ್ ಸಿಲ್ವರ್ ಮತ್ತೆ ಅವರ ಜೊತೆಯವರು ಇದರ ಹಿಂದೆ ದೇಹವೇ ತಯಾರು ಮಾಡೋ ಆಂಟಿಬಾಡಿ ಇದೆ ಅಂತ ತೋರಿಸಿದ್ರು. ಹೆಪಾರಿನ್ ಇದ್ದಾಗ ಆ ಆಂಟಿಬಾಡಿ ಪ್ಲೇಟ್‌ಲೆಟ್‌ಗಳನ್ನ ಕೆರಳಿಸುತ್ತೆ, ಅವು ಒಂದಕ್ಕೊಂದು ಅಂಟಿ ಖರ್ಚಾಗ್ತವೆ, ಕೌಂಟ್ ಇಳಿಯುತ್ತೆ, ಆದ್ರೆ ರಕ್ತ ಸೋರೋದಕ್ಕಿಂತ ಹೆಪ್ಪುಗಟ್ಟೋ ಅಪಾಯನೇ ಜಾಸ್ತಿ. ಸಾಮಾನ್ಯವಾಗಿ ಹೆಪಾರಿನ್ ಶುರುವಾದ 5ರಿಂದ 10 ದಿನದೊಳಗೆ ಆಗುತ್ತೆ, ಅಂದ್ರೆ ಎಷ್ಟೋ ಸಲ ಮನೆಗೆ ಬಂದ ಮೇಲೆ. ನಮ್ಮ ಜಿಲ್ಲೆಯಲ್ಲಿ ಪ್ಲೇಟ್‌ಲೆಟ್ ಕಮ್ಮಿ ಅಂದ ತಕ್ಷಣ ಡೆಂಗಿ ಅಥವಾ ಮಂಗನ ಕಾಯಿಲೆ ಅಂತ ಎಲ್ಲರ ತಲೆ ಆ ಕಡೆನೇ ಓಡುತ್ತೆ, ಅದು ತಪ್ಪಲ್ಲ, 1957ರಲ್ಲಿ ಸೊರಬದ ಕ್ಯಾಸನೂರಲ್ಲೇ ಅಲ್ವಾ ಮಂಗನ ಕಾಯಿಲೆ ಮೊದ್ಲು ಗೊತ್ತಾಗಿದ್ದು. ಆದ್ರೆ "ಹೋದ ವಾರ ಹೆಪಾರಿನ್ ಕೊಟ್ಟಿದ್ರು" ಅನ್ನೋ ಒಂದು ಮಾತನ್ನ ನೀವು ಹೇಳದೆ ಇದ್ರೆ ಡಾಕ್ಟರಿಗೆ ಹೊಳೆಯೋದು ಕಷ್ಟ. ಡಿಸ್ಚಾರ್ಜ್ ಸಮ್ಮರಿ ಹಿಡ್ಕೊಂಡೇ ಹೋಗಿ. ಹೆಪಾರಿನ್ ಆಗಲ್ಲ ಅಂತ ಒಮ್ಮೆ ಹೇಳಿದ್ರೆ ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಪೆನ್ನಲ್ಲಿ ಬರೀರಿ, ಡ್ರಿಪ್ ಸೂಜಿ ಕಟ್ಟಬಾರ್ದು ಅಂತ ಹಾಕೋ ಸ್ವಲ್ಪ ಹೆಪಾರಿನ್ನೂ ಅವರಿಗೆ ಬೇಡ.

ಮಾತ್ರೆ ಮೇಲಿರೋರಿಗೆ ಜ್ವರ ಬಂದ್ರೆ ಮನೇಲೇ ಕಾಯಬೇಡಿ, ಪ್ಲೇಟ್‌ಲೆಟ್ ಮತ್ತೆ ಐಎನ್‌ಆರ್ ಎರಡೂ ನೋಡಿಸಿ.

ಇಂಬಳದ ಬಗ್ಗೆ ಕೇಳೋರು ತುಂಬಾ. ತೋಟಕ್ಕೆ ಹೋಗದೆ ಇರೋಕಾಗಲ್ಲ, ಗೊತ್ತು. ಇಂಬಳದ ಜೊಲ್ಲಲ್ಲೇ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪದಾರ್ಥ ಇದೆ, 1884ರಲ್ಲಿ ಜಾನ್ ಹೇಕ್ರಾಫ್ಟ್ ಅನ್ನೋರು ನೀರಿನ ಜಿಗಣೆಯಲ್ಲಿ ಇದನ್ನ ಕಂಡುಹಿಡಿದ್ರು, ಮುಂದೆ ಅದಕ್ಕೆ ಹಿರುಡಿನ್ ಅಂತ ಹೆಸರಾಯ್ತು. ಹೆಪಾರಿನ್ ಆಗದೋರಿಗೆ ಹಾರ್ಟ್ ಪ್ರೊಸೀಜರ್ ಟೈಮಲ್ಲಿ ಕೊಡೋ ಬೈವಲಿರುಡಿನ್ ಅದೇ ಮಾದರಿಯಲ್ಲಿ ಮಾಡಿದ್ದು, ನೋಡಿ, ನಾವು ಉಪ್ಪು ಹಾಕಿ ಓಡಿಸೋ ಹುಳದ ಬಳಗದಿಂದ ಬಂದ ಔಷಧಿ. ಅದೇನೇ ಇರಲಿ, ನಿಮಗೆ ಮಾತ್ರೆಯ ಪರಿಣಾಮದ ಮೇಲೆ ಇದರ ಪರಿಣಾಮ ಸೇರಿದ್ರೆ ಕಚ್ಚಿದ ಜಾಗ ಗಂಟೆಗಟ್ಟಲೆ ಜಿನುಗುತ್ತೆ. ಕಿತ್ತು ಎಳೀಬೇಡಿ, ಬಿಡಿಸಿ ತೊಳೆದು ಶುದ್ಧ ಬಟ್ಟೆಯಿಂದ ಒತ್ತಿ ಹಿಡೀರಿ, ಹದಿನೈದು ನಿಮಿಷ ಎತ್ತಿ ನೋಡೋ ಹಾಗಿಲ್ಲ. ಉದ್ದ ಕಾಲುಚೀಲ, ಗಂಬೂಟ್, ಮೇಲೆ ಹೊಗೆಸೊಪ್ಪು ಸುಣ್ಣ ಸವರಿಕೊಂಡು ಹೋದ್ರೆ ಅಷ್ಟೂ ತಲೆನೋವಿಲ್ಲ. ಅಡಿಕೆ ಸುಲಿಯೋವಾಗ ಕತ್ತಿ ತಾಗಿದ್ರೂ ಇದೇ ಕ್ರಮ. ಹಾವು ಕಚ್ಚಿದ್ರೆ 108ಕ್ಕೆ ಹೇಳೋವಾಗಲೇ ಮಾತ್ರೆ ವಿಷಯ ಹೇಳಿ, ಮಂಡಲದ ಹಾವಿನ ವಿಷ ಅಂತೂ ರಕ್ತ ಹೆಪ್ಪುಗಟ್ಟೋದನ್ನೇ ಕೆಡಿಸುತ್ತೆ, ಟೆಸ್ಟಲ್ಲಿ ಕಾಣೋದು ವಿಷದ್ದಾ ಮಾತ್ರೆಯದ್ದಾ ಅಂತ ಅವರಿಗೆ ಗೊಂದಲ ಆಗಬಾರ್ದು.

ಐಎನ್‌ಆರ್ ಬೇಡದ ಹೊಸ ಮಾತ್ರೆಗಳಿವೆ, ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್. ಕೊಡಿಸಿಬಿಡಿ ಅಂತ ಕೇಳ್ತಾರೆ. ಲೋಹದ ವಾಲ್ವ್ ಇರೋರಿಗೆ ಇವು ಆಗಲ್ಲ, ಡಾಬಿಗಟ್ರಾನ್ ಅಂಥವರಿಗೆ ಕೊಟ್ಟು ನೋಡಿದ ಅಧ್ಯಯನವನ್ನ ಅರ್ಧಕ್ಕೇ ನಿಲ್ಲಿಸಬೇಕಾಯ್ತು. ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕಿರಿದಾಗಿ ಎದೆಬಡಿತ ಏರುಪೇರಾದವರಲ್ಲೂ 2022ರ ಅಧ್ಯಯನದಲ್ಲಿ ಹಳೇ ಮಾತ್ರೆನೇ ಮೇಲು ಅಂತ ಬಂತು. ಡಾಕ್ಟರ್ ಕೊಟ್ಟಿದ್ರೆ ಸರಿ, ಆದ್ರೆ ಇವುಗಳ ಪರಿಣಾಮ ಒಂದು ದಿನದಲ್ಲೇ ಇಳಿಯುತ್ತೆ, ಡೋಸ್ ತಪ್ಪಿಸೋ ಹಾಗಿಲ್ಲ, ಕಿಡ್ನಿ ಟೆಸ್ಟ್ ಮಾಡಿಸ್ತಾ ಇರಬೇಕು, ರಿವರಾಕ್ಸಬಾನ್ 15, 20 ಮಿಲಿಗ್ರಾಂ ಊಟದ ಜೊತೆನೇ ಆಗಬೇಕು. ಡಾಬಿಗಟ್ರಾನ್ ಕ್ಯಾಪ್ಸೂಲ್ ತೇವಕ್ಕೆ ಹಾಳಾಗುತ್ತೆ, ಆಗುಂಬೆ ಕಡೆ ಮಳೆಯಲ್ಲಿ ಮಾತ್ರೆ ಡಬ್ಬಕ್ಕೆ ಬಿಡಿಸಿ ಹಾಕಿಟ್ರೆ ಹೇಗಿರುತ್ತೆ ಯೋಚಿಸಿ, ಪ್ಯಾಕಿಂದ ಆಗಾಗಲೇ ತೆಗೀರಿ, ಬಿಚ್ಚಿ ಪುಡಿ ಮಾಡಿ ಕೊಡ್ಬೇಡಿ.

ಕೂಡಲೇ ಹೊರಡಬೇಕಾದ್ದು ಯಾವಾಗ ಅಂತ ಹೇಳ್ತೀನಿ. ಟಾರಿನ ಹಾಗೆ ಕಪ್ಪಗೆ ಮಲ, ಕೆಂಪು ಮೂತ್ರ, ಒತ್ತಿ ಹಿಡಿದ್ರೂ ನಿಲ್ಲದ ಮೂಗಿನ ರಕ್ತ, ಯಾವತ್ತೂ ಇಲ್ಲದ ತಲೆನೋವು, ಮುಖ ಸೊಟ್ಟ, ಮಾತು ತೊದಲು, ಕೈ ಬಲ ಕಮ್ಮಿ, ಒಂದೇ ಕಾಲು ಊದಿಕೊಂಡು ಉಸಿರು ಕಟ್ಟೋದು. ಲೋಹದ ವಾಲ್ವ್ ಇರೋರ ಎದೆಯಿಂದ ಟಿಕ್ ಟಿಕ್ ಶಬ್ದ ಕೇಳ್ತಾ ಇರುತ್ತೆ, ಮನೆಯವ್ರಿಗೆ ಅದು ಅಭ್ಯಾಸ ಆಗಿರುತ್ತೆ, ಆ ಶಬ್ದ ಮಂಕಾದ್ರೆ ವಾಲ್ವಲ್ಲೇ ಹೆಪ್ಪು ಕಟ್ಟಿರಬಹುದು, ಬೆಳಗಾಗ್ಲಿ ಅಂತ ಕಾಯಬೇಡಿ. ತಲೆಗೆ ಪೆಟ್ಟು ಬಿದ್ರೆ ಅಂತೂ, ಜಾರಿ ಬಿದ್ದು ಎದ್ದು ಕಾಫಿ ಕುಡಿದು ಆರಾಮಿದ್ದೀನಿ ಅಂದ್ರೂ ಸ್ಕ್ಯಾನ್ ಆಗಲೇಬೇಕು, ಒಳಗಿನ ರಕ್ತಸ್ರಾವ ಗಂಟೆಗಳಾದ ಮೇಲೆ ಗೊತ್ತಾಗುತ್ತೆ.

ಹಾಗಾಗಿ ಮೇ ತಿಂಗಳಲ್ಲೇ ಕೂತು ಮಾತಾಡಿ. ರಾತ್ರಿ ಹೊರಡಬೇಕಾದ್ರೆ ಶಿವಮೊಗ್ಗ ಮೆಗ್ಗಾನಿಗಾ, ಘಾಟಿ ಇಳಿದು ಮಣಿಪಾಲಕ್ಕಾ, ಮರ ಬಿದ್ದು ಒಂದು ದಾರಿ ಬಂದ್ ಆದ್ರೆ ಇನ್ನೊಂದು ಯಾವುದು, ಯಾರ ಗಾಡಿ, ನೆಟ್‌ವರ್ಕ್ ಯಾವ ಗುಡ್ಡದ ಮೇಲೆ ಸಿಗುತ್ತೆ. ಜೂನ್‌ಗೆ ಮುಂಚೆ ಒಂದು ಐಎನ್‌ಆರ್ ಮಾಡಿಸಿ, ಒಂದೂವರೆ ತಿಂಗಳಿಗೆ ಆಗೋಷ್ಟು ಮಾತ್ರೆ ಅದೇ ಕಂಪನಿದು ಅದೇ ಮಿಲಿಗ್ರಾಂದು ತಂದಿಡಿ, ಪುಸ್ತಕವನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಗಿಲ ಹತ್ರ ಮೊಳೆಗೆ ನೇತುಹಾಕಿ, ಮನೆಯಲ್ಲಿ ಯಾರಿದ್ರೂ ಅದನ್ನ ತಗೊಂಡೇ ಗಾಡಿ ಹತ್ತೋ ಹಾಗೆ ಹೇಳಿಡಿ.