ಹೊಸ ಮಷೀನ್ ಇಲ್ಲದೆ ಹನ್ನೆರಡೂವರೆಗೆ ರಿಪೋರ್ಟ್: ತಾಲ್ಲೂಕು ಆಸ್ಪತ್ರೆ ಲ್ಯಾಬ್‌ನಲ್ಲಿ ನನ್ನ ಅನುಭವ

ನಮ್ಮ ಲ್ಯಾಬ್ ರಿಪೋರ್ಟು ಈಗ 12.30ಕ್ಕೆ ಓಪಿಡಿ ಡಾಕ್ಟರ ಟೇಬಲ್ ಮೇಲಿರುತ್ತದೆ. ಮುಂಚೆ 3.30, ಕೆಲವು ದಿನ 4 ಗಂಟೆ. ಹಳ್ಳಿಯಿಂದ ಬಂದವರು ಬಸ್ಸಿಗೆ ಹೋಗಿಬಿಡುತ್ತಿದ್ದರು. ಒಂದು ಕಾಗದಕ್ಕಾಗಿ ಇನ್ನೊಂದು ದಿನದ ಕೂಲಿ ಬಿಟ್ಟು ಬರಬೇಕು. ಅದನ್ನು ನೋಡಿ ನೋಡಿ ಸಾಕಾಗಿತ್ತು.

ದಿನಕ್ಕೆ ಸುಮಾರು 150 ಸ್ಯಾಂಪಲ್, ನಾವಿಬ್ಬರು ಟೆಕ್ನೀಷಿಯನ್. ಹೊಸ ಮಷೀನ್ ಬರದೆ ಏನೂ ಆಗಲ್ಲ ಅಂತ ಎಲ್ಲರೂ ಅಂದಿದ್ದರು. ಅದೇ ಹಳೇ ಮಷೀನಿನಲ್ಲಿ ಮಾಡಿ ತೋರಿಸಿದೆ.

ಮೊದಲು ಅರ್ಜೆಂಟ್ ಸ್ಯಾಂಪಲ್‌ಗೆ ಕೆಂಪು ಸೀಲು ಮಾಡಿಸಿದೆ. ವಾರದೊಳಗೆ ಎಲ್ಲ ಸ್ಲಿಪ್ಪಿಗೂ ಕೆಂಪು ಸೀಲೇ! ಆಮೇಲೆ ಇನ್ನೊಂದು ತಪ್ಪು ಮಾಡಿದೆ. ರಕ್ತ ಹೆಪ್ಪುಗಟ್ಟಲು ಅರ್ಧ ಗಂಟೆ ಯಾಕೆ ಕಾಯಬೇಕು ಅಂತ 10 ನಿಮಿಷಕ್ಕೇ ಸೆಂಟ್ರಿಫ್ಯೂಜ್‌ಗೆ (ಟ್ಯೂಬನ್ನು ವೇಗವಾಗಿ ತಿರುಗಿಸಿ ರಕ್ತದ ತಿಳಿ ಬೇರ್ಪಡಿಸುವ ಮಷೀನ್) ಹಾಕಿದೆ. ಸೀರಮ್‌ನಲ್ಲಿ, ಅಂದರೆ ಆ ತಿಳಿಯಲ್ಲಿ, ಫೈಬ್ರಿನ್ ಎಂಬ ಹೆಪ್ಪಿನ ಎಳೆ ಉಳಿದು ಅನಲೈಸರ್ ಪ್ರೋಬ್ (ಪರೀಕ್ಷೆ ಮಷೀನಿನಲ್ಲಿ ಸ್ಯಾಂಪಲ್ ಹೀರುವ ಸೂಜಿ) ಕಟ್ಟಿಕೊಂಡಿತು. ಎರಡು ದಿನ ಕೆಲಸ ನಿಂತಿತು, ರಿಪೇರಿಗೆ ನಾಲ್ಕು ಸಾವಿರದ ಹತ್ತಿರ ಹೋಯಿತು.

ಕೊನೆಗೆ ಹಿಡಿದ ದಾರಿ ಸುಲಭದ್ದು. ವಾರ್ಡಿನ ಸ್ಯಾಂಪಲ್ 7.30ಕ್ಕೇ ಬರಬೇಕು. ಓಪಿಡಿಯದ್ದು 30 ಟ್ಯೂಬಿಗೆ ಒಂದು ಸ್ಟ್ಯಾಂಡ್. ಸ್ಟ್ಯಾಂಡ್ ತುಂಬಿದ ಹೊತ್ತು ಬರೆದು ಸೀರಮ್ ಟ್ಯೂಬ್ ಹಾಗೇ ಬಿಡುತ್ತೇವೆ. ಆ ಅರ್ಧ ಗಂಟೆಯಲ್ಲಿ ಸಿಬಿಸಿ (ರಕ್ತಕಣಗಳ ಎಣಿಕೆ, ಇದಕ್ಕೆ ಹೆಪ್ಪುಗಟ್ಟಿಸಬೇಕಿಲ್ಲ) ಓಡಿಸುತ್ತೇವೆ. ಮುಂಚೆ ಎಲ್ಲ ಸ್ಯಾಂಪಲ್ ಬರಲಿ ಅಂತ 11ರವರೆಗೆ ಸುಮ್ನೆ ಕಾಯುತ್ತಿದ್ದೆವು. ಸಮಯ ಹೋಗುತ್ತಿದ್ದದ್ದೇ ಅಲ್ಲಿ.

ಇನ್ನೊಂದು ದೊಡ್ಡ ತಲೆನೋವು ಹೀಮೊಲೈಸಿಸ್, ಅಂದರೆ ಕೆಂಪು ರಕ್ತಕಣ ಒಡೆದು ಸೀರಮ್ ಕೆಂಪಾಗುವುದು. ದಿನಕ್ಕೆ 15–20 ಟ್ಯೂಬ್ ಕೆಡುತ್ತಿದ್ದವು. ವಾಪಸ್ ಕಳಿಸಿದಾಗ ಸಿಸ್ಟರ್‌ಗಳು ಬೇಜಾರಾದರು. ಆಗ ನನ್ನ ರಕ್ತವನ್ನೇ ಸಿರಿಂಜಿನಲ್ಲಿ ತೆಗೆಸಿದೆ. ಒಂದು ಟ್ಯೂಬಿಗೆ ಸೂಜಿ ಸಮೇತ ಒತ್ತಿ ಹಾಕಿಸಿದೆ, ಇನ್ನೊಂದಕ್ಕೆ ಸೂಜಿ ತೆಗೆದು ನಿಧಾನಕ್ಕೆ ಬಿಡಿಸಿದೆ. ಎರಡರ ಸೀರಮ್ ಬಣ್ಣ ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ. ಈಗ ಮೂರೋ ನಾಲ್ಕೋ ಕೆಡುತ್ತವೆ ಅಷ್ಟೆ.

ಅದೇ ದಿನ ನನ್ನ ರಕ್ತದ ಸಕ್ಕರೆಯನ್ನೂ ನೋಡಿದೆ. ಶುರುವಿನಲ್ಲಿ 96 ಇತ್ತು. ಎರಡು ಗಂಟೆ ಇಟ್ಟ ಮೇಲೆ ಬೂದು ಮುಚ್ಚಳದ ಟ್ಯೂಬಿನಲ್ಲಿ (ಸಕ್ಕರೆ ಇಳಿಯದಂತೆ ತಡೆಯುವ ಫ್ಲೋರೈಡ್ ಇರುತ್ತದೆ) 93ರ ಆಸುಪಾಸು, ಏನೂ ಹಾಕದ ಪ್ಲೇನ್ ಟ್ಯೂಬಿನಲ್ಲಿ 84. ಅಂದರೆ ಶುಗರ್ ಜಾಸ್ತಿ ಇದ್ದವರಿಗೂ ನಾವು ಕಮ್ಮಿ ತೋರಿಸಿ ಕಳಿಸಿರಬಹುದು, ಅಲ್ವಾ? ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಖರ್ಚು ಒಟ್ಟು 7,000 ರೂಪಾಯಿ ಇರಬೇಕು. ಸ್ಟ್ಯಾಂಡ್‌ಗಳನ್ನು ಊರಿನ ವೆಲ್ಡರ್ ಹತ್ತಿರ ಮಾಡಿಸಿದೆ. ಹಣ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಿಂದ ಬಂತು. ಪರೀಕ್ಷೆಯ ರಾಸಾಯನಿಕದ ಕಿಟ್ ತೆರೆದ ತಾರೀಕನ್ನು ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆಯತೊಡಗಿದ ಮೇಲೆ ವರ್ಷಕ್ಕೆ ಮೂವತ್ತು ಸಾವಿರದಷ್ಟು ಮಾಲು ಅವಧಿ ಮೀರಿ ಎಸೆಯುವುದು ತಪ್ಪಿತು.

ಕೆಂಪು ಸೀಲಿನ ಕಾಟ ಹೇಗೆ ನಿಲ್ಲಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಗೊತ್ತಾದರೆ ಅದು ನಡೆಯುವುದಿಲ್ಲ.

ಸೋಮವಾರ ಮಾತ್ರ ಸ್ಯಾಂಪಲ್ 200 ದಾಟುತ್ತದೆ, ರಿಪೋರ್ಟು 1.15 ಆಗುತ್ತದೆ. ಆ ದಿನಕ್ಕೆ 20 ಟ್ಯೂಬಿನ ಸ್ಟ್ಯಾಂಡ್ ಮಾಡಿ ನೋಡುತ್ತಿದ್ದೇನೆ.